ಗರಿ, ಗೋಡೆ, ಹಲಗೆ: ಚಿತ್ರರಚನೆಯಲ್ಲಿ ಮಾಧ್ಯಮದ ಪ್ರಯೋಗ

ಕಲಾವಿಮರ್ಶೆಯ ಬರಹಗಳಲ್ಲಿ 'ಪ್ರಯೋಗ' ಎಂಬ ಮಾತು ಆಧುನಿಕ ಕಲಾವಿದನ ಸ್ವಂತ ಸೊತ್ತೆಂಬಂತೆ ಬಳಕೆಯಾಗುತ್ತ ಬಂದಿದೆ. ಬಣ್ಣಕ್ಕೆ ಮರಳು ಬೆರೆಸಿದವನು, ಕ್ಯಾನ್ವಾಸಿಗೆ ಬಟ್ಟೆಯ ಚೂರನ್ನು ಅಂಟಿಸಿದವನು, ಗಾರೆಯನ್ನು ಕೆತ್ತಿ ಚಿತ್ರವೆಂದು ಕರೆದವನು ಪ್ರಯೋಗಶೀಲ. ಓಲೆಗರಿಯ ಮೇಲೆ ತೀರ್ಥಂಕರರ ಬಿಂಬವನ್ನು ಬರೆದವನು ಸಂಪ್ರದಾಯಬದ್ಧ. ಈ ವಿಭಜನೆ ಎಷ್ಟು ರೂಢವಾಗಿದೆಯೆಂದರೆ, ಅದರ ಆಧಾರವೇನೆಂದು ಕೇಳುವವರೇ ವಿರಳ. ಆದರೆ ಪ್ರಯೋಗವೆಂಬುದು ವಸ್ತುವಿನ ಹೊಸತನದಲ್ಲಿದೆಯೋ, ಕೈಗೆ ಬಂದ ಮಾಧ್ಯಮವು ಒಪ್ಪದ ಕೆಲಸವನ್ನು ಅದರಿಂದ ಮಾಡಿಸುವುದರಲ್ಲಿದೆಯೋ ಎಂಬುದನ್ನು ಮೊದಲು ನಿರ್ಣಯಿಸಿಕೊಳ್ಳುವುದು ಅವಶ್ಯ. ಎರಡನೆಯದೇ ಸರಿಯಾದರೆ, ಹಸ್ತಪ್ರತಿಗಳ ಚಿತ್ರಕಾರರನ್ನು ಕುರಿತು ಇದುವರೆಗೆ ಹೇಳಿದ ಹಲವು ಮಾತುಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಬೆಂಗಳೂರಿನಿಂದಲೇ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ರಾಜಾಜಿನಗರದಲ್ಲಿ ನೆಲೆಸಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಸ್ವಾತಂತ್ರ್ಯ ಹೋರಾಟಗಾರರು. ಸಾರ್ವಜನಿಕ ಕಾರ್ಯಗಳಿಗಾಗಿ ದೀರ್ಘಕಾಲ ಕುಂಚವನ್ನು ಬದಿಗಿಟ್ಟು ಮತ್ತೆ ಅದಕ್ಕೆ ಮರಳಿದವರು. ನಗರದ ಹೂಮರಗಳನ್ನೂ ಉದ್ಯಾನಗಳನ್ನೂ ಬಯಲಿನಲ್ಲಿ ಕುಳಿತು ಬರೆದ ಅವರ ಮಾಧ್ಯಮ ಜಲವರ್ಣ. ಆಂಗ್ಲರಿಂದ ಬಂದ ಜಲವರ್ಣದ ರೂಢಿಯಲ್ಲಿ ಬಣ್ಣ ತಿಳಿಯಾಗಿರಬೇಕು, ಕಾಗದದ ಬಿಳುಪು ಬೆಳಕಾಗಿ ಉಳಿಯಬೇಕು, ನೀರು ತಾನೇ ಹರಿದು ಅರ್ಧ ಕೆಲಸ ಮಾಡಬೇಕು. ರುಮಾಲೆಯವರಲ್ಲಿ ಹಾಗಿಲ್ಲ. ಅಲ್ಲಿ ಬಣ್ಣ ದಟ್ಟ. ಕುಂಚದ ಗೀರುಗಳು ಒಂದರ ಮೇಲೊಂದು ಒತ್ತೊತ್ತಾಗಿ ಬಿದ್ದು ತೈಲವರ್ಣದ ಭಾರವನ್ನು ನೆನಪಿಗೆ ತರುತ್ತವೆ. ಅದೇ ಮಾಧ್ಯಮದಲ್ಲಿ ಅವರಿಗಿಂತ ಮೊದಲು ಕೆಲಸಮಾಡಿದ ಕೆ. ವೆಂಕಟಪ್ಪನವರ ಊಟಿಯ ದೃಶ್ಯಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂತರ ಸ್ಪಷ್ಟವಾಗುತ್ತದೆ. ಅಲ್ಲಿ ಮಂಜು, ತೆಳುವಾದ ಲೇಪ, ಹಿಡಿತದಲ್ಲಿಟ್ಟ ಮೌನ; ಇಲ್ಲಿ ಬಿಸಿಲು ಹಾಗೂ ಹೂವಿನ ಉಬ್ಬರ. ಒಂದೇ ಕಾಗದ, ಒಂದೇ ನೀರು. ಫಲ ಮಾತ್ರ ಎರಡು ಬಗೆ. ರುಮಾಲೆಯವರನ್ನು ಪ್ರಯೋಗಶೀಲರೆಂದು ಕರೆಯುವುದು ಯುಕ್ತವೇ ಸರಿ. ಹೊಸ ಮಾಧ್ಯಮವೊಂದನ್ನು ಅವರು ಹುಡುಕಿಕೊಂಡು ಹೋಗಲಿಲ್ಲ. ಇದ್ದ ಮಾಧ್ಯಮದ ರೂಢಿಯನ್ನು ಮೀರಿದರು. ಇದೇ ಅಳತೆಗೋಲನ್ನು ಒಂಬೈನೂರು ವರ್ಷಗಳ ಹಿಂದಿನ ಚಿತ್ರಕಾರನಿಗೆ ಹಿಡಿಯಲು ಅಡ್ಡಿಯೇನು?

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿ ಬಂದ ಧವಲ, ಜಯಧವಲ, ಮಹಾಧವಲಗಳ ಓಲೆಯ ಪ್ರತಿಗಳು ಪ್ರಖ್ಯಾತವಾದವು. ವೀರಸೇನಾಚಾರ್ಯರ ಧವಲಾ ಟೀಕೆ 816ರಲ್ಲಿಯೂ, ಅವರು ಆರಂಭಿಸಿ ಜಿನಸೇನಾಚಾರ್ಯರು ಪೂರ್ಣಗೊಳಿಸಿದ ಜಯಧವಲಾ ಟೀಕೆ 837ರಲ್ಲಿಯೂ ಮುಗಿದವು. ಪ್ರಾಚೀನವಾದ ಧವಲದ ಪ್ರತಿ ಹೊಯ್ಸಳ ವಿಷ್ಣುವರ್ಧನನ ಕಾಲದ್ದೆಂದು, ಸುಮಾರು 1113ರಿಂದ 1120ರೊಳಗಿನದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ದೇಮಿಯಕ್ಕನೆಂಬ ಶ್ರಾವಿಕೆ ಶುಭಚಂದ್ರ ಸಿದ್ಧಾಂತದೇವರಿಗೆ ಅದನ್ನು ಶಾಸ್ತ್ರದಾನವಾಗಿ ಅರ್ಪಿಸಿದಳೆಂಬುದು ಈ ನಿರ್ಣಯದ ಆಧಾರಗಳಲ್ಲೊಂದು. ಈ ಪ್ರತಿಗಳ ಕೆಲವು ಗರಿಗಳಲ್ಲಿ ವರ್ಣಚಿತ್ರಗಳಿವೆ. ಪಾರ್ಶ್ವನಾಥ, ಬಾಹುಬಲಿ, ಶ್ರುತದೇವಿ, ಮಾವಿನ ಮರದಡಿ ಮಕ್ಕಳೊಡನೆಯೂ ಸಿಂಹದೊಡನೆಯೂ ಇರುವ ಅಂಬಿಕೆ, ಆಮೆಯನ್ನೇರಿದ ಅಜಿತಯಕ್ಷ, ಭಕ್ತಿಯಿಂದ ಕೈಮುಗಿದ ಶ್ರಾವಕ ಶ್ರಾವಿಕೆಯರು: ವಿಷಯ ಇಷ್ಟು. ಪ್ರತಿಮಾಲಕ್ಷಣದ ದೃಷ್ಟಿಯಿಂದ ಇವುಗಳ ವಿವೇಚನೆ ನಡೆದಿದೆ. ಸಿ. ಶಿವರಾಮಮೂರ್ತಿ, ಸರಯೂ ದೋಶಿ ಮೊದಲಾದವರು ಇವುಗಳತ್ತ ಕಲಾಜಗತ್ತಿನ ಗಮನ ಸೆಳೆದರು. ಆದರೆ ಚಿತ್ರದಲ್ಲಿ ಏನಿದೆ ಎಂಬುದಕ್ಕೆ ಸಂದಷ್ಟು ಆಲೋಚನೆ, ಅದು ಯಾವುದರ ಮೇಲೆ, ಯಾವುದರಿಂದ, ಹೇಗೆ ಬರೆಯಲ್ಪಟ್ಟಿತು ಎಂಬುದಕ್ಕೆ ಸಂದಿಲ್ಲ.

ಆ ಪ್ರಶ್ನೆ ಚಿಲ್ಲರೆಯದಲ್ಲ. ದಕ್ಷಿಣದಲ್ಲಿ ಓಲೆಯ ಬರೆಹವೆಂದರೆ ಸಾಮಾನ್ಯವಾಗಿ ಕೊರೆತ. ಲಿಪಿಕಾರನು ಗರಿಯನ್ನು ಎಡಗೈಯಲ್ಲಿ ಹಿಡಿದು ಕಂಠದ ಮೊನೆಯಿಂದ ಅಕ್ಷರವನ್ನು ಕೊರೆಯುತ್ತಾನೆ. ಆಮೇಲೆ ಕಾಡಿಗೆಯನ್ನು ತಿಕ್ಕಿ ಒರೆಸಿದಾಗ ಗೆರೆಯೊಳಗೆ ಮಾತ್ರ ಕಪ್ಪು ನಿಲ್ಲುತ್ತದೆ. ಇಲ್ಲಿ ಮಸಿಯ ಕೆಲಸ ತುಂಬುವುದು. ಬರೆಯುವ ಕೆಲಸ ಲೋಹದ್ದು. ಒರಟೂ ದಪ್ಪವೂ ಆದ ತಾಳೆಯ ಗರಿಗೆ ಇದೇ ತಕ್ಕ ವಿಧಾನ, ಏಕೆಂದರೆ ಅದು ಮಸಿಯನ್ನು ಸುಲಭವಾಗಿ ಹೀರುವುದಿಲ್ಲ. ಶ್ರೀತಾಳದ ಗರಿ ಹಾಗಲ್ಲ. ಅದು ಅಗಲವಾದುದು, ತೆಳು, ಬಾಗಿದರೆ ಬೇಗ ಮುರಿಯದು. ಮಸಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಉತ್ತರದ ಪ್ರಾಚೀನ ಪ್ರತಿಗಳು ಲೇಖನಿಯಿಂದ ಮಸಿಯಲ್ಲಿ ಬರೆದವಾಗಿರುವುದಕ್ಕೆ ಇದು ಮುಖ್ಯ ಕಾರಣ. ಮೂಡುಬಿದಿರೆಯ ಈ ಪ್ರತಿಗಳಲ್ಲಿಯೂ ಅಕ್ಷರ ಮಸಿಯದು: ದುಂಡಗೆ, ದಪ್ಪನಾಗಿ, ಕಂಠಕ್ಕೆ ಸಾಧ್ಯವಾಗದ ಏರಿಳಿತಗಳಿಂದ ಕೂಡಿದೆ. ಕಂಠದ ನಾಡಿನಲ್ಲಿ ಲೇಖನಿಯನ್ನು ಆರಿಸಿಕೊಂಡ ಕ್ಷಣದಲ್ಲಿಯೇ ಚಿತ್ರಕ್ಕೆ ದಾರಿ ತೆರೆಯಿತೆನ್ನಬೇಕು. ಕೊರೆದ ಗರಿಯ ಮೇಲೆ ಕಾಡಿಗೆ ತಿಕ್ಕಿ ಒರೆಸಲೇಬೇಕು; ಒರೆಸುವ ಗರಿಯ ಮೇಲೆ ವರ್ಣಚಿತ್ರ ಉಳಿಯುವುದಾದರೂ ಹೇಗೆ? ಹೀಗೆ ಲಿಪಿಕಾರನ ಆಯ್ಕೆ ಹಾಗೂ ಚಿತ್ರಕಾರನ ಆಯ್ಕೆ ಇವೆರಡೂ ಒಂದೇ ತೀರ್ಮಾನದ ಎರಡು ಮುಖಗಳು. ಪಠ್ಯವನ್ನು ಒಬ್ಬ ವಿದ್ವಾಂಸನಿಗೂ ಚಿತ್ರವನ್ನು ಇನ್ನೊಬ್ಬನಿಗೂ ಹಂಚಿಬಿಟ್ಟಿರುವ ಅಧ್ಯಯನಕ್ರಮದಲ್ಲಿ ಈ ಸಂಬಂಧ ಕಣ್ಣಿಗೆ ಬೀಳದಿರುವುದು ಸಹಜವೇ.

ಇನ್ನು ಗರಿಯ ಸ್ವಭಾವ. ಅದರ ಉದ್ದಕ್ಕೆ ನಾರಿನ ಎಳೆಗಳು ಸಾಗುತ್ತವೆ. ಅಡ್ಡಗೆರೆಗೆ ಅವು ನೆರವಾಗುತ್ತವೆ, ಲಂಬಗೆರೆಗೆ ತಡೆಯಾಗುತ್ತವೆ. ಎತ್ತರ ಕೆಲವೇ ಅಂಗುಲ. ನಿಂತ ಬಾಹುಬಲಿಗೆ ಅಷ್ಟರಲ್ಲಿ ಮಹತ್ತನ್ನು ತುಂಬಬೇಕು. ದಾರ ಪೋಣಿಸುವ ರಂಧ್ರದ ಬಳಿ ಕೈಯಾಡಿ ಬಣ್ಣ ಸವೆಯುತ್ತದೆ. ಕಟ್ಟನ್ನು ಬಿಚ್ಚಿ ಕಟ್ಟುವಾಗ ಗರಿ ಗರಿಗೆ ಉಜ್ಜುತ್ತದೆ, ಆದ್ದರಿಂದ ಬಣ್ಣ ದಪ್ಪವಾಗಿರುವಂತಿಲ್ಲ. ಗರಿ ಬಾಗಿದಾಗ ಬಿರಿಯುವುದರಿಂದ ಅಂಟು ಗಡುಸಾಗಿರುವಂತಿಲ್ಲ. ಗೋಡೆಯ ಮೇಲೆ ಬರೆಯುವವನಿಗೆ ಇವುಗಳಲ್ಲಿ ಒಂದೂ ತೊಡಕಲ್ಲ. ಮೂಡುಬಿದಿರೆಯ ಚಿತ್ರಕಾರ ಈ ನಿರ್ಬಂಧಗಳನ್ನು ಅರಿತವನೆಂಬುದಕ್ಕೆ ಅವನ ಕೃತಿಯೇ ಸಾಕ್ಷಿ: ಬಿಂಬಕ್ಕೆ ಚೌಕಟ್ಟು ಹಾಕಿ ಅಕ್ಷರದಿಂದ ಬೇರ್ಪಡಿಸಿದ್ದಾನೆ, ಬಣ್ಣವನ್ನು ಸಮತಲವಾಗಿ ತುಂಬಿ, ಆಕಾರದ ಹೊಣೆಯನ್ನೆಲ್ಲ ರೇಖೆಗೆ ಒಪ್ಪಿಸಿದ್ದಾನೆ, ಅಂಚುಗಳಲ್ಲಿ ಹೂಬಳ್ಳಿಯ ಅಲಂಕರಣವನ್ನಿಟ್ಟಿದ್ದಾನೆ.

ಈ ಚಿತ್ರಗಳನ್ನು ಭಿತ್ತಿಚಿತ್ರದ ಕಿರುರೂಪವೆಂದು ವರ್ಣಿಸುವುದು ವಾಡಿಕೆ. ಮಾತು ಅರ್ಧ ಸತ್ಯ. ಅದರ ಸತ್ಯಾಂಶವನ್ನು ಅರಿಯಲು ಪಶ್ಚಿಮ ಭಾರತದ ಜೈನ ಪ್ರತಿಗಳನ್ನು ಹೋಲಿಸಿದರೆ ಸಾಕು. ಪಾಟಣದ ಭಂಡಾರದ ನಿಶೀಥಚೂರ್ಣಿಯ ಚಿತ್ರಿತ ಪ್ರತಿ 1100ರದು. ಅಂದರೆ ಮೂಡುಬಿದಿರೆಯ ಗರಿಗಳಿಗೆ ಸಮೀಪದ ಕಾಲದ್ದು. ಆ ಪರಂಪರೆ ಮುಂದುವರಿದಂತೆ ಮೊನಚಾದ ಮೂಗು, ಮುಖದ ಹೊರರೇಖೆಯನ್ನು ದಾಟಿ ಚಾಚಿದ ಆಚೆಗಣ್ಣು, ಕೋನ ಕೋನವಾದ ಮೈಕಟ್ಟು ಅದರ ಗುರುತುಗಳಾದವು. ಮೂಡುಬಿದಿರೆಯಲ್ಲಿ ಆ ಚಾಚುಗಣ್ಣಿಲ್ಲ. ರೇಖೆ ದುಂಡು, ಭಂಗಿ ಸೌಮ್ಯ. 'ಜೈನಶೈಲಿ' ಎಂದೊಡನೆ ಗುಜರಾತಿನ ಕಲ್ಪಸೂತ್ರವನ್ನೇ ಮನಸ್ಸಿಗೆ ತರುವ ಅಭ್ಯಾಸ ಎಷ್ಟು ಅಪೂರ್ಣವೆಂಬುದು ಇದರಿಂದ ವಿದಿತವಾಗುತ್ತದೆ. ಧರ್ಮ ಒಂದಾದ ಮಾತ್ರಕ್ಕೆ ಶೈಲಿ ಒಂದಾಗಬೇಕಿಲ್ಲ. ದಕ್ಷಿಣದ ಭಿತ್ತಿಚಿತ್ರಕಾರನ ಕೈಬಳಕೆಯೇ ಇಲ್ಲಿ ಗರಿಗೆ ಇಳಿದಿದೆ ಎಂಬಲ್ಲಿಗೆ ಆ ಮಾತು ಸರಿ.

ಅದು ತಪ್ಪುವುದು ತಂತ್ರದ ವಿಷಯದಲ್ಲಿ. ಗೋಡೆಯ ಚಿತ್ರ ಹೇಗೆ ಸಿದ್ಧವಾಗುತ್ತಿತ್ತೆಂಬುದಕ್ಕೆ ಕನ್ನಡನಾಡಿನಲ್ಲಿಯೇ, ಹೆಚ್ಚುಕಡಮೆ ಅದೇ ಕಾಲದ, ಲಿಖಿತ ಪ್ರಮಾಣವಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ 1129ರ ಸುಮಾರಿನದು. ಧವಲದ ಪ್ರತಿಗೂ ಅದಕ್ಕೂ ನಡುವಣ ಅಂತರ ಒಂದೆರಡು ದಶಕಗಳಿಗೆ ಮೀರದು. ಸುಣ್ಣಗಾರೆಯ ಗೋಡೆಯನ್ನು ನುಣುಪುಗೊಳಿಸುವುದು, ಎಮ್ಮೆಯ ಚರ್ಮವನ್ನು ಬೇಯಿಸಿ ವಜ್ರಲೇಪವೆಂಬ ಅಂಟನ್ನು ಪಡೆಯುವುದು, ಅದನ್ನು ಬಿಳಿಮಣ್ಣಿಗೆ ಬೆರೆಸಿ ಪದರ ಪದರವಾಗಿ ಬಳಿಯುವುದು, ಕಾಡಿಗೆಗೆ ಅನ್ನದ ಅಂಟನ್ನು ಸೇರಿಸಿ ವರ್ತಿಕೆಯನ್ನು ಹೊಸೆಯುವುದು, ಕರುವಿನ ಕಿವಿಯ ಕೂದಲಿನಿಂದ ಕುಂಚ ಮಾಡುವುದು, ಹೀಗೆ ಕ್ರಮವಾಗಿ ಅದು ವಿವರಿಸುತ್ತದೆ. ಚಿನ್ನದ ರೇಕನ್ನು ಕಲ್ಲಿನ ಮೇಲೆ ಅರೆದು, ತೊಳೆದು, ವಜ್ರಲೇಪದೊಡನೆ ಹಚ್ಚಿ, ಒಣಗಿದ ಬಳಿಕ ಹಂದಿಯ ಕೋರೆಯಿಂದ ಉಜ್ಜಿ ಹೊಳಪು ತರುವ ವಿಧಾನವೂ ಅದರಲ್ಲಿದೆ. ರಾಜನೊಬ್ಬನ ವಿಶ್ವಕೋಶದಲ್ಲಿ ಕಸುಬಿನವನ ಅಡುಗೆಮನೆಯ ಈ ವಾಸನೆ ಅನಿರೀಕ್ಷಿತ, ಆದರೆ ಸ್ವಾಗತಾರ್ಹ.

ಈ ಸಾಮಗ್ರಿಯಲ್ಲಿ ಎಷ್ಟು ಭಾಗ ಗರಿಗೆ ಸಲ್ಲುತ್ತದೆ? ಬಿಳಿಮಣ್ಣಿನ ದಪ್ಪ ಪದರವನ್ನು ಬಾಗುವ ಗರಿ ತಾಳಲಾರದು. ಕೋರೆಯಿಂದ ಬಲವಾಗಿ ಉಜ್ಜುವುದನ್ನು ನಾರಿನ ಮೈ ಸಹಿಸಲಾರದು. ಅಗಲವಾದ ಕುಂಚಕ್ಕೆ ಅಲ್ಲಿ ಕೆಲಸವೇ ಇಲ್ಲ. ಗೋಡೆಯ ವಿದ್ಯೆಯಲ್ಲಿ ಮುಕ್ಕಾಲು ಪಾಲನ್ನು ಕೈಬಿಟ್ಟು, ರೇಖೆಯೊಂದನ್ನು ಮಾತ್ರ ಉಳಿಸಿಕೊಂಡು, ಗರಿಗೆ ಒಗ್ಗುವ ತೆಳುವಾದ ಬಣ್ಣವನ್ನು ಆ ಚಿತ್ರಕಾರ ಹೊಸದಾಗಿ ಕಂಡುಕೊಂಡಿರಬೇಕು. ಇಷ್ಟು ವಿವೇಕ ಬೇಡಿದ ಕಾರ್ಯವನ್ನು 'ಕಿರುರೂಪ' ಎಂಬ ಒಂದೇ ಮಾತಿನಲ್ಲಿ ಮುಗಿಸುವುದು, ಸಮುದ್ರದಲ್ಲಿ ಈಜುವವನು ಬಾವಿಯಲ್ಲಿಯೂ ಈಜಿದ ಎಂದಷ್ಟೇ ಹೇಳಿದಂತಾಗುತ್ತದೆ.

ಮಾಧ್ಯಮವು ಬದಲಾದಾಗ ಎಲ್ಲ ಚಿತ್ರಕಾರರೂ ಅದಕ್ಕೆ ಓಗೊಟ್ಟರೆಂದೇನೂ ಅಲ್ಲ. ಪಶ್ಚಿಮ ಭಾರತದಲ್ಲಿ 14ನೆಯ ಶತಮಾನದ ಉತ್ತರಾರ್ಧದಿಂದ ಓಲೆಯ ಸ್ಥಾನವನ್ನು ಕಾಗದ ಆಕ್ರಮಿಸತೊಡಗಿತು. ಕಾಗದಕ್ಕೆ ನಾರಿಲ್ಲ, ಅಗಲದ ಮಿತಿಯಿಲ್ಲ, ದಾರದ ರಂಧ್ರವೂ ಬೇಕಿಲ್ಲ. ಆದರೂ ಪ್ರತಿಗಳು ಓಲೆಯಂತೆ ಅಡ್ಡವಾಗಿಯೇ ಉಳಿದವು. ರಂಧ್ರವಿರಬೇಕಾಗಿದ್ದ ಎಡೆಯಲ್ಲಿ ಕೆಂಪು ಅಥವಾ ಚಿನ್ನದ ವರ್ಣದ ಬೊಟ್ಟೊಂದು ಅಲಂಕಾರವಾಗಿ ನಿಂತಿತು. ಇನ್ನೊಂದು ಕಡೆ, 15ನೆಯ ಶತಮಾನದಲ್ಲಿ ಅದೇ ಕಾಗದದ ಮೇಲೆ ರಾಜಾವರ್ತದ ನೀಲಿಯೂ ಚಿನ್ನವೂ ಧಾರಾಳವಾಗಿ ಹರಿದವು. ಒಂದೇ ಪುಟದಲ್ಲಿ ಹಳೆಯ ಗರಿಯ ನೆನಪು, ಹೊಸ ಸಾಮಗ್ರಿಯ ಹುರುಪು. ಕಲೆಯ ಇತಿಹಾಸ ಒಂದೇ ನೇರದಲ್ಲಿ ಸಾಗುವುದಿಲ್ಲವೆಂಬುದಕ್ಕೆ ಆ ಬೊಟ್ಟಿಗಿಂತ ಒಳ್ಳೆಯ ಪ್ರಮಾಣ ಬೇಕಿಲ್ಲ.

ಕರ್ನಾಟಕದಲ್ಲಿ ಗರಿಯ ಚಿತ್ರ ಅಂತಹ ನಿರಂತರ ಪರಂಪರೆಯಾಗಿ ಬೆಳೆಯಲಿಲ್ಲ. ಚಿತ್ರವಿದ್ಯೆಯ ಸತ್ತ್ವ ಮತ್ತೆ ಗೋಡೆಗೆ, ಅನಂತರ ಹಲಗೆಗೆ ಹರಿಯಿತು. ಜೈನವಿಷಯಗಳ ಮಟ್ಟಿಗೆ ಶ್ರವಣಬೆಳಗೊಳದ ಮಠದ ಭಿತ್ತಿಚಿತ್ರಗಳು ಇದಕ್ಕೆ ಉದಾಹರಣೆ. ನಾಗಕುಮಾರನ ಚರಿತೆ, ಪಾರ್ಶ್ವನಾಥನ ಸಮವಸರಣ, ಇವುಗಳ ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿನ ದೃಶ್ಯವೂ ಅಲ್ಲಿದೆ. ಧರ್ಮಕಥೆಯೂ ಅರಮನೆಯೂ ಒಂದೇ ಗೋಡೆಯನ್ನು ಹಂಚಿಕೊಂಡಿರುವ ಬಗೆ ಮೈಸೂರಿನ ಚಿತ್ರಶೈಲಿಯ ವಿಶಿಷ್ಟ ಲಕ್ಷಣ. ಆದರೆ ಪ್ರಕೃತ ವಿಷಯಕ್ಕೆ ಹೆಚ್ಚು ಸಂಗತವಾದುದು ಷಡ್ಲೇಶ್ಯೆಯ ಚಿತ್ರ. ಹಸಿದ ಆರು ಮಂದಿ ಹಣ್ಣಿನ ಮರವೊಂದನ್ನು ಕಾಣುತ್ತಾರೆ. ಬುಡವನ್ನೇ ಕಡಿಯಬೇಕೆಂಬವನದು ಕೃಷ್ಣಲೇಶ್ಯೆ. ಕೊಂಬೆ, ರೆಂಬೆ, ಗೊಂಚಲು, ಹಣ್ಣು ಎಂದು ಆಸೆ ಕಿರಿದಾಗುತ್ತ ಬಂದಂತೆ ನೀಲ, ಕಾಪೋತ, ಪೀತ, ಪದ್ಮಗಳು. ನೆಲಕ್ಕೆ ಉದುರಿದುದೇ ಸಾಕೆಂಬವನದು ಶುಕ್ಲ. ಇಲ್ಲಿ ವರ್ಣವೆಂಬುದು ಅಲಂಕಾರವಲ್ಲ, ಅರ್ಥವೇ ಆಗಿದೆ. ಬೇರೆ ಚಿತ್ರದಲ್ಲಿ ಕಪೋತವರ್ಣಕ್ಕೆ ಬದಲು ಹಸಿರು ಹಾಕಿದರೆ ರುಚಿಯ ಪ್ರಶ್ನೆ. ಇಲ್ಲಿ ಹಾಕಿದರೆ ಸಿದ್ಧಾಂತದ ತಪ್ಪು. ಕಾಲಕ್ರಮದಲ್ಲಿ ಬಣ್ಣ ಕಂದಿದರೆ, ಹೊಗೆ ಹಿಡಿದರೆ, ಇಲ್ಲವೆ ಯಾವನೋ ಹೊಸ ಬಣ್ಣ ಬಳಿದರೆ, ಕೆಡುವುದು ಅಂದ ಮಾತ್ರವಲ್ಲ. ಕಲಾವಿದನ ಸ್ವಾತಂತ್ರ್ಯವೆಂಬುದು ಬಣ್ಣದ ಆಯ್ಕೆಯಲ್ಲಿದೆ ಎಂದು ತಿಳಿದವರು ಈ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಆಯ್ಕೆಯೆಲ್ಲ ಮುಂಚೆಯೇ ಮುಗಿದಿರುವಾಗಲೂ ಚಿತ್ರಕಾರನಿಗೆ ಮಾಡಲು ಬಹಳಷ್ಟು ಉಳಿದಿರುತ್ತದೆ.

ಮೈಸೂರಿನ ಹಲಗೆಯ ಚಿತ್ರಗಳ ವಿಷಯವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಮರದ ಹಲಗೆಗೆ ಬಟ್ಟೆ ಅಥವಾ ಕಾಗದವನ್ನು ಅಂಟಿಸಿ, ಸುಟ್ಟ ಹುಣಸೆಯ ಕಡ್ಡಿಯಿಂದ ರೇಖಾವಿನ್ಯಾಸ ಮಾಡಿ, ಸಫೇದ ಹಾಗೂ ಗೋಂದು ಬೆರೆಸಿದ ಲೇಪದಿಂದ ಆಭರಣ, ಮಂಟಪ, ಅಂಚುಗಳನ್ನು ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸುವುದು ಅದರ ಕ್ರಮ. ತಂಜಾವೂರಿನಲ್ಲಿ ಈ ಉಬ್ಬು ದಪ್ಪ, ಅದಕ್ಕೆ ಹರಳುಗಳೂ ಸೇರುತ್ತವೆ. ಮೈಸೂರಿನವನು ಉಬ್ಬನ್ನು ಕಣ್ಣಿಗಿಂತ ಬೆರಳಿಗೆ ಹೆಚ್ಚು ಗೊತ್ತಾಗುವಷ್ಟಕ್ಕೆ ನಿಲ್ಲಿಸಿದ. ಚಿತ್ರ ಹಾಗೂ ಶಿಲ್ಪಗಳ ಗಡಿಯಲ್ಲಿ ಇಷ್ಟು ಹದವಾಗಿ ನಿಂತ ತಂತ್ರ ಇನ್ನೊಂದಿಲ್ಲ. ವೆಂಕಟಪ್ಪನವರು ಕುಂಚವನ್ನೇ ಅಲ್ಲದೆ ಗಾರೆಯ ಉಬ್ಬುಚಿತ್ರಗಳನ್ನೂ ಕೈಗೆತ್ತಿಕೊಂಡು ಮೈಸೂರು ಅರಮನೆಗಾಗಿ ರಚಿಸಿದಾಗ ವಿಮರ್ಶಕರು ಅದನ್ನು ನವೀನತೆಯೆಂದು ಬಗೆದರು. ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಅವರಿಗೆ ಸಮತಲದಿಂದ ಉಬ್ಬಿಗೆ ದಾಟುವುದು ಅಷ್ಟು ದೂರದ ದಾರಿಯಾಗಿರಲಾರದು.

ಮೇಲಿನ ವಿವೇಚನೆಯಿಂದ ಹಸ್ತಪ್ರತಿಶಾಸ್ತ್ರಕ್ಕೆ ಒದಗುವ ಆಕ್ಷೇಪವೊಂದಿದೆ. ಸೂಚಿಗಳ ರೂಢಿಯಲ್ಲಿ ಗರಿಗಳ ಸಂಖ್ಯೆ, ಉದ್ದ ಅಗಲ, ಪುಟಕ್ಕೆ ಪಂಕ್ತಿಗಳೆಷ್ಟು, ಪಂಕ್ತಿಗೆ ಅಕ್ಷರಗಳೆಷ್ಟು, ಆದಿ ಅಂತ್ಯ ಪದ್ಯಗಳು, ಇವೆಲ್ಲ ನಿಷ್ಠೆಯಿಂದ ದಾಖಲಾಗುತ್ತವೆ. ಚಿತ್ರವಿದ್ದಲ್ಲಿ 'ಸಚಿತ್ರ' ಎಂಬ ಮೂರಕ್ಷರ. ಗರಿ ತಾಳೆಯದೋ ಶ್ರೀತಾಳದ್ದೋ, ಬರೆಹ ಕೊರೆದುದೋ ಮಸಿಯದೋ, ಬಣ್ಣ ಅಕ್ಷರಕ್ಕಿಂತ ಮೊದಲು ಬಿದ್ದುದೋ ಆಮೇಲೋ, ಹೊರರೇಖೆ ಬಣ್ಣದ ಕೆಳಗಿದೆಯೋ ಮೇಲಿದೆಯೋ, ಇವು ಕಣ್ಣಿಗೆ ಕಾಣುವ ಸಂಗತಿಗಳು. ಅವನ್ನು ಬರೆದಿಡಲು ಭೂತಗನ್ನಡಿಯೊಂದು ಸಾಕು. ಅಕ್ಷರದ ಮೇಲೆ ಬಣ್ಣ ಹರಿದಿದ್ದರೆ ಚಿತ್ರಕಾರ ಅನಂತರ ಬಂದವನೆಂದು ತಿಳಿಯುತ್ತದೆ. ಬಣ್ಣಕ್ಕೆ ಎಡೆಗೊಟ್ಟು ಪಂಕ್ತಿ ಕಿರಿದಾಗಿದ್ದರೆ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂದು. ಕಾಲನಿರ್ಣಯದ ಚರ್ಚೆಗಳಲ್ಲಿ ಅಕ್ಷರದ ಓರೆಕೋರೆಗಳಿಗೆ ಕೊಡುವ ಬೆಲೆಯನ್ನು ಈ ಪ್ರಮಾಣಕ್ಕೆ ಕೊಡದಿರುವುದು ನ್ಯಾಯವಲ್ಲ.

ಇದಕ್ಕೆ ಹಿನ್ನೆಲೆಯೂ ಉಂಟು. ಮೂಡುಬಿದಿರೆಯ ಸಿದ್ಧಾಂತಗ್ರಂಥಗಳನ್ನು ಹೊರಜಗತ್ತಿಗೆ ತರಲು 19ನೆಯ ಶತಮಾನದ ಕೊನೆಯಿಂದ ಪ್ರತಿ ಮಾಡುವ ಕಾರ್ಯ ನಡೆಯಿತು. 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾಸಹಿತ ಷಟ್ಖಂಡಾಗಮ 16 ಸಂಪುಟಗಳಾಗಿ ಹೊರಬಂದಿತು. ಆ ಮಹತ್ಕಾರ್ಯದ ಋಣ ಸಣ್ಣದಲ್ಲ. ಆದರೆ ಅದರ ಗುರಿ ಪಠ್ಯ. ಅಕ್ಷರಕ್ಕೆ ನೂರು ಪ್ರತಿ ಸಾಧ್ಯ, ಒಂದು ಸುಟ್ಟರೆ ಇನ್ನೊಂದಿದೆ. ಗರಿಯ ಮೇಲಿನ ಅಂಬಿಕೆಗೆ ಪ್ರತಿಯಿಲ್ಲ. ಛಾಯಾಚಿತ್ರ ಹಾಗೂ ಈಚಿನ ಡಿಜಿಟಲ್ ಪ್ರತಿಗಳು ಆ ಕೊರತೆಯನ್ನು ತುಂಬುತ್ತವೆಂದು ನಂಬುವುದೂ ಪೂರ್ತಿ ಸರಿಯಲ್ಲ. ಎದುರಿನಿಂದ ಬಿದ್ದ ಸಮನಾದ ಬೆಳಕಿನಲ್ಲಿ ಕೊರೆತವೂ ಲೇಪವೂ ಒಂದೇ ಸಮತಲದಂತೆ ಕಾಣುತ್ತವೆ, ಮೈಸೂರಿನ ಉಬ್ಬು ಮಾಯವಾಗುತ್ತದೆ. ಓರೆಬೆಳಕಿನಲ್ಲಿ ಇನ್ನೊಂದು ಚಿತ್ರ ತೆಗೆಯುವುದು ಹೆಚ್ಚಿನ ಖರ್ಚಿನ ಮಾತಲ್ಲ. ಕೆಂಗೇರಿಯ ಬಳಿ ರಾಜರಾಜೇಶ್ವರಿ ನಗರದಲ್ಲಿ ಚಿತ್ರಕಲಾ ಪರಿಷತ್ತಿನ ಇನ್ನೊಂದು ಆವರಣವಿದೆ. ಮೈಸೂರು ಶೈಲಿಯ ಚಿತ್ರಗಳ ಸಂಗ್ರಹಕ್ಕೆ ಹೆಸರಾದ ಸಂಸ್ಥೆ ಅದು. ಬಣ್ಣ ಅರೆದು ಬಲ್ಲ ಕೈಗಳು ಅಂತಹ ಕಡೆ ದೊರೆಯುತ್ತವೆ. ಲಿಪಿ ಬಲ್ಲವರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೂಚಿಯ ಒಂದು ಕಲಮನ್ನಾದರೂ ಬರೆಸಬಹುದು.

ಇದು ಕೇವಲ ಸೂಚಿಯ ಸೊಗಸಿಗಾಗಿ ಬೇಡುವ ಮಾತಲ್ಲ. ಓಲೆಯ ಕಟ್ಟುಗಳನ್ನು ಶುಚಿಗೊಳಿಸುವಾಗ ಒದ್ದೆಯ ಹತ್ತಿಯಿಂದ ಒರೆಸುವುದು, ನಿಂಬೆಹುಲ್ಲಿನ ಎಣ್ಣೆ ಸವರುವುದು, ಅಕ್ಷರ ಮಸುಕಾಗಿದ್ದರೆ ಕಾಡಿಗೆಯನ್ನು ಮತ್ತೆ ತಿಕ್ಕಿ ಮೇಲ್ಮೈಯನ್ನು ಒರೆಸುವುದು ಭಂಡಾರಗಳಲ್ಲಿ ಪರಿಚಿತವಾದ ಕ್ರಮಗಳು. ಕೊರೆದ ಗರಿಗೆ ಇವು ಹಿತ: ಗೆರೆ ಮತ್ತೆ ಕಪ್ಪಾಗುತ್ತದೆ, ಗರಿ ಮೆದುವಾಗುತ್ತದೆ. ಮಸಿಯಿಂದ ಬರೆದ ಗರಿಯಲ್ಲಿ, ಅಂಟಿನ ಬಣ್ಣದಿಂದ ಚಿತ್ರಿಸಿದ ಗರಿಯಲ್ಲಿ, ಅದೇ ಹತ್ತಿಯ ಒಂದು ಒರೆಸಿಗೆ ಅಕ್ಷರವೂ ಬಿಂಬವೂ ಎದ್ದುಬಂದಾವು. ಕಟ್ಟಿನ ಮೇಲಿನ ಚೀಟಿಯಲ್ಲಿ 'ಮಸಿ' ಅಥವಾ 'ಕೊರೆತ' ಎಂಬ ಒಂದು ಮಾತು ಬರೆದಿದ್ದರೆ, ಹತ್ತಿಯನ್ನು ಕೈಗೆತ್ತಿಕೊಂಡವನು ಅದನ್ನು ಎಣ್ಣೆಯಲ್ಲಿ ಅದ್ದುವ ಮುನ್ನ ಅಲ್ಲಿಯೇ ನಿಲ್ಲುತ್ತಾನೆ.